ಬ್ಯಾಟರಿಯ ಬೆಲೆ, ಹೆಸರಿನ ಬೆಲೆ

ನಮ್ಮ ಹೊಸದುರ್ಗದ ಕಡೆ ಟಾರ್ಚಿಗೆ ಟಾರ್ಚು ಅನ್ನುವವರು ಕಡಿಮೆ. ಅದು ಬ್ಯಾಟರಿ. ಬ್ಯಾಟರಿಯೊಳಗೆ ಹಾಕುವುದು ಶೆಲ್ಲು. ಎರಡು ಶೆಲ್ಲಿನ ಬ್ಯಾಟರಿ ಮನೆ ಬಳಕೆಗೆ, ಮೂರು ಶೆಲ್ಲಿನದು ತೋಟಕ್ಕೆ, ಐದು ಶೆಲ್ಲಿನದು ಊರ ಗೌಡರ ಕೈಗೆ. ಕೆಲಸಕ್ಕೆಂದು ಗನ್ನವರಕ್ಕೆ ಬಂದ ಮೇಲೆ ಇಲ್ಲಿನವರು ಅದನ್ನೇ ಟಾರ್ಚಿಲೈಟು ಅನ್ನುವುದನ್ನು ಕೇಳಿದೆ. ಹೆಸರು ಬೇರೆ, ಗೊಂದಲ ಮಾತ್ರ ಎರಡೂ ಕಡೆ ಒಂದೇ: ನೂರೈವತ್ತು ರೂಪಾಯಿಗೂ ಒಂದು ಟಾರ್ಚು ಸಿಗುತ್ತದೆ, ಆರು ಸಾವಿರಕ್ಕೂ ಒಂದು ಸಿಗುತ್ತದೆ. ಎರಡರಲ್ಲೂ ಗುಂಡಿ ಒತ್ತಿದರೆ ಬೆಳಕು ಬರುತ್ತದೆ. ಹಾಗಾದರೆ ಮಿಕ್ಕ ದುಡ್ಡು ಯಾವುದಕ್ಕೆ?

2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಕಡೆಯ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ, ಕತ್ತಲಲ್ಲಿ ಕಳೆದವು. ನಮ್ಮ ತಂಡದ ಹುಡುಗರು ಆ ವಾರ ಈ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದರು. ಕರೆಂಟು ಬಂದ ಮೇಲೆ ಎಲ್ಲರೂ ಮರೆತರು. ನನಗೆ ಮರೆಯಲಾಗಲಿಲ್ಲ, ಯಾಕೆಂದರೆ ಅಂಗಡಿಯವನು ಕೊಡುವ ಉತ್ತರ, ಅಂತರ್ಜಾಲದ ಉತ್ತರ, ನಮ್ಮ ತಂದೆಯ ಉತ್ತರ ಮೂರೂ ಬೇರೆ ಬೇರೆ. ಮೂರೂ ಸರಿ ಎಂದು ಆಮೇಲೆ ತಿಳಿಯಿತು. ಒಂದೊಂದು ಉತ್ತರ ಒಂದೊಂದು ಕಾಲದ್ದು. ಟಾರ್ಚಿನ ಮೇಲೆ ಬರೆದ ಹೆಸರಿಗೆ ನಾವು ಕೊಡುವ ಹೆಚ್ಚಿನ ದುಡ್ಡು ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಒಂದೇ ವಸ್ತುವನ್ನು ಕೊಂಡಿಲ್ಲ. ಅದನ್ನು ಕಾಲಕ್ರಮದಲ್ಲಿ ನೋಡೋಣ.

ಹೆಸರು ಮೊದಲು, ಸಾಮಾನು ಆಮೇಲೆ

ಟಾರ್ಚಿನ ಮೊದಲ ಮುಖ್ಯ ಪೇಟೆಂಟು ಅಮೆರಿಕದಲ್ಲಿ 1899ರ ಜನವರಿ 10ರಂದು ದಾಖಲಾಯಿತು. ಪಡೆದವನು ಡೇವಿಡ್ ಮಿಸೆಲ್ ಎಂಬ ಇಂಗ್ಲಿಷಿನವನು. ಅದರ ಹಕ್ಕು ಸೇರಿದ್ದು ನ್ಯೂಯಾರ್ಕಿನ ಕಾನ್ರಾಡ್ ಹ್ಯೂಬರ್ಟನ ಕಂಪನಿಗೆ. ಹ್ಯೂಬರ್ಟನ ಹುಟ್ಟು ಹೆಸರು ಅಕಿಬಾ ಹೊರೊವಿಟ್ಜ್. ರಷ್ಯಾ ಸಾಮ್ರಾಜ್ಯದ ಮಿನ್ಸ್ಕ್ ಕಡೆಯಿಂದ ವಲಸೆ ಬಂದ ಯಹೂದಿ. ಊರು ಬಿಟ್ಟು ಬಂದ ನಮ್ಮಂಥವರಿಗೆ ಅವನ ಮೇಲೆ ಸ್ವಲ್ಪ ಅಭಿಮಾನ ಹುಟ್ಟಿದರೆ ತಪ್ಪಿಲ್ಲ.

ಕಾಗದದ ಕೊಳವೆಯೊಳಗೆ ಸಾಲಾಗಿ ಶೆಲ್ಲು, ಒಂದು ತುದಿಗೆ ಸಣ್ಣ ಬಲ್ಬು, ಹಿಂದೆ ಹಿತ್ತಾಳೆಯ ಪ್ರತಿಫಲಕ. ರೂಪ ಇವತ್ತಿನದೇ. ಬೆಳಕು ಮಾತ್ರ ನಿಲ್ಲುತ್ತಿರಲಿಲ್ಲ. ಆಗಿನ ಬಲ್ಬಿನ ಇಂಗಾಲದ ಎಳೆ ಕರೆಂಟು ನುಂಗುತ್ತಿತ್ತು, ಆಗಿನ ಶೆಲ್ಲಿಗೆ ಅಷ್ಟು ಹೊತ್ತು ಕೊಡುವ ತಾಕತ್ತಿರಲಿಲ್ಲ. ಕೆಲವು ಕ್ಷಣ ಮಿನುಗಿಸಿ, ಆರಿಸಿ, ಶೆಲ್ಲಿಗೆ ಸುಧಾರಿಸಿಕೊಳ್ಳಲು ಬಿಡಬೇಕಿತ್ತು. ಅಮೆರಿಕನ್ನರು ಇವತ್ತಿಗೂ ಟಾರ್ಚಿಗೆ ಫ್ಲ್ಯಾಶ್‌ಲೈಟ್ ಅನ್ನುವುದು ಈ ಮಿನುಗಿನಿಂದಲೇ. ಅಂಥ ಸಾಮಾನಿಗೆ ಹ್ಯೂಬರ್ಟನ ಕಂಪನಿ ಇಟ್ಟ ಹೆಸರು ‘ಎವರ್ ರೆಡಿ’, ಅಂದರೆ ಸದಾ ಸಿದ್ಧ. ಕ್ಷಣಕ್ಷಣಕ್ಕೂ ವಿಶ್ರಾಂತಿ ಕೇಳುವ ಯಂತ್ರಕ್ಕೆ ಸದಾ ಸಿದ್ಧ ಎಂಬ ಹೆಸರು! ಬ್ರ್ಯಾಂಡು ಎಂಬುದು ಇನ್ನೂ ಈಡೇರದ ಭರವಸೆಯನ್ನು ಮುಂಗಡವಾಗಿ ಮಾರುವುದು ಎಂದು ಟಾರ್ಚಿನ ಚರಿತ್ರೆಯ ಮೊದಲ ಪುಟದಲ್ಲೇ ಬರೆದಿದೆ.

ಭರವಸೆ ಈಡೇರಿದ್ದು 1910ರ ಆಸುಪಾಸಿನಲ್ಲಿ, ಟಂಗ್‌ಸ್ಟನ್ ಎಳೆಯ ಬಲ್ಬು ಬಂದ ಮೇಲೆ. ಅಷ್ಟರಲ್ಲಿ ಶೆಲ್ಲು ತಯಾರಿಸುವ ನ್ಯಾಷನಲ್ ಕಾರ್ಬನ್ ಕಂಪನಿಗೆ ಒಂದು ವಿಷಯ ಹೊಳೆದಿತ್ತು: ಟಾರ್ಚನ್ನು ಒಬ್ಬ ಒಮ್ಮೆ ಕೊಳ್ಳುತ್ತಾನೆ, ಶೆಲ್ಲನ್ನು ಬದುಕಿರುವ ತನಕ ಕೊಳ್ಳುತ್ತಾನೆ. 1906ರಲ್ಲಿ ಅದು ಹ್ಯೂಬರ್ಟನ ಕಂಪನಿಯಲ್ಲಿ ಅರ್ಧ ಪಾಲು ಕೊಂಡಿತು, 1914ರಲ್ಲಿ ಉಳಿದದ್ದನ್ನೂ ಕೊಂಡಿತು. 1917ರಲ್ಲಿ ನ್ಯಾಷನಲ್ ಕಾರ್ಬನ್ನೇ ಯೂನಿಯನ್ ಕಾರ್ಬೈಡ್ ಎಂಬ ಹೊಸ ಕೂಟದ ಭಾಗವಾಯಿತು. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ.

ಹೊಸ ಶೆಲ್ಲಿಗೆ ಕೊಟ್ಟ ದುಡ್ಡು

ಭಾರತಕ್ಕೆ ಎವರೆಡಿ ಶೆಲ್ಲು ಹಡಗಿನಲ್ಲಿ ಬರಲು ಶುರುವಾದದ್ದು 1905ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಯಲ್ಲಿ ಶಿವನಸಮುದ್ರದ ಕರೆಂಟಿನ ದೀಪ ಹೊತ್ತಿತು. ದೀಪದ ಕಂಬ ಊರೂರಿಗೆ ಬರಲು ಮುಂದೆ ಎಷ್ಟೋ ದಶಕ ಹಿಡಿಯಿತು. ಕೊಳವೆಯೊಳಗಿನ ಕರೆಂಟು ಮಾತ್ರ ಕಂಬಕ್ಕೆ ಕಾಯದೆ ಮೊದಲೇ ಹಳ್ಳಿ ಸೇರಿತು. 1934ರಲ್ಲಿ ಕಲ್ಕತ್ತೆಯಲ್ಲಿ ಎವರೆಡಿ ಕಂಪನಿ (ಇಂಡಿಯಾ) ನೋಂದಣಿಯಾಯಿತು. 1939ರಲ್ಲಿ ಕಾಶೀಪುರದಲ್ಲಿ ಶೆಲ್ಲಿನ ಕಾರ್ಖಾನೆ, 1952ರಲ್ಲಿ ಮದ್ರಾಸಿನಲ್ಲಿ ಇನ್ನೊಂದು, 1958ರಲ್ಲಿ ಲಕ್ನೋದಲ್ಲಿ ಟಾರ್ಚಿನದೇ ಕಾರ್ಖಾನೆ. ಕಂಪನಿಯ ಹೆಸರು 1941ರಲ್ಲಿ ನ್ಯಾಷನಲ್ ಕಾರ್ಬನ್ ಎಂದೂ 1959ರಲ್ಲಿ ಯೂನಿಯನ್ ಕಾರ್ಬೈಡ್ ಇಂಡಿಯಾ ಎಂದೂ ಬದಲಾಯಿತು. ಶೆಲ್ಲಿನ ಮೇಲಿನ ಹೆಸರು ಮಾತ್ರ ಎವರೆಡಿಯೇ.

ಆ ಕಾಲದಲ್ಲಿ ಹೆಸರಿಗೆ ಕೊಟ್ಟ ದುಡ್ಡು ದಂಡವೇ? ಅಲ್ಲ. ಅದು ಗೊತ್ತಾಗಬೇಕಾದರೆ ಹಳೆಯ ಶೆಲ್ಲಿನ ಒಳಗು ತಿಳಿಯಬೇಕು. ನಮ್ಮಲ್ಲಿ ಬಹಳ ಜನ ಚಿಕ್ಕವರಿದ್ದಾಗ ಶೆಲ್ಲನ್ನು ಕಲ್ಲಿನಿಂದ ಒಡೆದು ನೋಡಿದವರೇ. ನಡುವೆ ಕರಿ ಇಂಗಾಲದ ಕಡ್ಡಿ, ಗೋಡೆಯ ಮೇಲೆ ವಿಕೆಟ್ ಬರೆಯಲು ಬರುವಂಥದ್ದು. ಅದರ ಸುತ್ತ ಕಪ್ಪು ಪುಡಿ, ಮ್ಯಾಂಗನೀಸ್ ಡೈಆಕ್ಸೈಡು. ನವಸಾಗರದ ಅಂಟು. ಹೊರಗೆ ಸತುವಿನ ಡಬ್ಬಿ. ಈ ಡಬ್ಬಿಯೇ ಎಲ್ಲದರ ಗುಟ್ಟು. ಸತು ಬರೀ ಪಾತ್ರೆಯಲ್ಲ, ಉರುವಲೂ ಹೌದು. ಒಲೆಯೊಳಗೆ ಸೌದೆ ಸುಟ್ಟಂತೆ ಒಲೆಯೇ ಸುಡುವ ಏರ್ಪಾಟು ಅದು. ಬಳಸುತ್ತಾ ಹೋದಂತೆ ಡಬ್ಬಿ ತೆಳುವಾಗುತ್ತದೆ, ಕೊನೆಗೆ ತೂತು ಬಿದ್ದು ಅಂಟು ಹೊರಬರುತ್ತದೆ, ಟಾರ್ಚಿನ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ಬಳಸದೆ ಸುಮ್ಮನೆ ಇಟ್ಟರೂ ನಿಧಾನವಾಗಿ ಇದೇ ಆಗುತ್ತದೆ, ಬೇಸಗೆಯಲ್ಲಿ ಇನ್ನೂ ಬೇಗ.

ಅಂದರೆ ಶೆಲ್ಲು ಒಂದು ಬಗೆಯಲ್ಲಿ ತರಕಾರಿ ಇದ್ದಂತೆ. ಯಾವ ಕಂಪನಿಯದು ಎಂಬುದಕ್ಕಿಂತ ಎಷ್ಟು ಹೊಸದು ಎಂಬುದು ಮುಖ್ಯ. ಹಳ್ಳಿಯ ಅಂಗಡಿಯಲ್ಲಿ ಯಾವುದು ಹೊಸದಾಗಿರುತ್ತದೆ? ಬೇಗ ಖರ್ಚಾಗುವುದು. ಬೇಗ ಖರ್ಚಾಗುವುದು ಯಾವುದು? ಎಲ್ಲರೂ ಹೆಸರು ಹಿಡಿದು ಕೇಳುವುದು. ಹೆಸರು ಗೊತ್ತಿಲ್ಲದ ಶೆಲ್ಲು ಸಂತೆ ಅಂಗಡಿಯ ಡಬ್ಬಿಯಲ್ಲಿ ಎರಡು ಬೇಸಗೆ ಕಳೆದಿರುತ್ತಿತ್ತು. ಹಾಗಾಗಿ ಹೆಸರಿನ ಶೆಲ್ಲಿಗೆ ನಾಲ್ಕಾಣೆ ಹೆಚ್ಚು ಕೊಟ್ಟವನು ಜಾಹೀರಾತಿಗೆ ಮರುಳಾದವನಲ್ಲ. ಕಲ್ಕತ್ತೆ, ಮದ್ರಾಸಿನಿಂದ ಹೊಸದುರ್ಗದ ತನಕ ತಡವಿಲ್ಲದೆ ಸಾಮಾನು ಮುಟ್ಟಿಸುವ ವ್ಯವಸ್ಥೆಗೆ ಅವನು ಬೆಲೆ ಕೊಡುತ್ತಿದ್ದ. ‘ಎವರೆಡಿ ಬಿಟ್ಟು ಬೇರೆ ತರಬೇಡ’ ಎನ್ನುತ್ತಿದ್ದ ನಮ್ಮ ತಂದೆಯ ಮಾತಿನ ಅರ್ಥ ಇದು.

ಆ ಕಾಲದ ಶೆಲ್ಲಿನ ಬೆಲೆ ಮನೆಯವರಿಗೆ ಎಷ್ಟು ಭಾರವಾಗಿತ್ತು ಎನ್ನುವುದಕ್ಕೆ ನಮ್ಮ ರೂಢಿಗಳೇ ಸಾಕ್ಷಿ. ಮಂಕಾದ ಶೆಲ್ಲನ್ನು ಬಿಸಿಲಿಗಿಟ್ಟು ಒಂದೆರಡು ರಾತ್ರಿ ಹೆಚ್ಚು ದುಡಿಸಿಕೊಳ್ಳುವುದು. ಟ್ರಂಕಿನಲ್ಲಿಡುವಾಗ ಗುಂಡಿ ಒತ್ತಿ ಹೋಗದಿರಲೆಂದು ಒಂದು ಶೆಲ್ಲನ್ನು ತಿರುಗಿಸಿ ಹಾಕುವುದು. ಬ್ಯಾಟರಿಗೆ ಆಗದಷ್ಟು ಸೋತ ಶೆಲ್ಲನ್ನು ರೇಡಿಯೋಗೆ ಹಾಕುವುದು, ಯಾಕೆಂದರೆ ರೇಡಿಯೋ ಕಡಿಮೆ ಕೇಳುತ್ತದೆ. ಹುಡುಗರು ಸುಮ್ಮನೆ ಗೋಡೆಗೆ ಬೆಳಕು ಬಿಟ್ಟರೆ ಏಟು ಬೀಳುತ್ತಿತ್ತು.

ಕಾಡಿನ ಕತೆ ಓದಿದವರಿಗೆ ಇನ್ನೊಂದು ನೆನಪಾಗಬಹುದು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಅನುಭವಗಳಲ್ಲಿ ಕೋವಿಗೆ ಬಿಗಿದ ಟಾರ್ಚು ಮತ್ತೆ ಮತ್ತೆ ಬರುತ್ತದೆ. ಮಚಾನಿನ ಮೇಲೆ ಕೂತವನಿಗೆ ಗುಂಡಿ ಒತ್ತಿದ ಕ್ಷಣ ಬೆಳಕು ಬರಬೇಕು. ಎರಡನೇ ಸಲ ಒತ್ತಲು ಅವಕಾಶವಿಲ್ಲ. ಬ್ರ್ಯಾಂಡಿನ ಬೆಲೆಯನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ತಗಡಿನ ಕೊಳವೆ ಸುಪ್ರೀಂ ಕೋರ್ಟಿಗೆ ಹೋದದ್ದು

ಟಾರ್ಚಿನ ಮೈ ತಯಾರಾಗುವುದು ಹೇಗೆ ಎಂದು ತಿಳಿಯಬೇಕಾದರೆ ಒಂದು ವಿಚಿತ್ರ ದಾಖಲೆಯಿದೆ: 1986ರ ಸುಪ್ರೀಂ ಕೋರ್ಟ್ ತೀರ್ಪು, ಯೂನಿಯನ್ ಕಾರ್ಬೈಡ್ ಇಂಡಿಯಾಕ್ಕೂ ಭಾರತ ಸರ್ಕಾರಕ್ಕೂ ನಡೆದ ಅಬಕಾರಿ ಸುಂಕದ ವ್ಯಾಜ್ಯ. ಅಲ್ಯೂಮಿನಿಯಂ ಬಿಲ್ಲೆಯನ್ನು ಒತ್ತಿ ಕೊಳವೆ ಮಾಡಿದ ಕೂಡಲೇ ಅದು ಸುಂಕಕ್ಕೆ ಅರ್ಹವಾದ ‘ಸರಕು’ ಆಗಿಬಿಡುತ್ತದೆ ಎಂದು ಇಲಾಖೆಯ ವಾದ. ಇಲ್ಲ, ಅದನ್ನು ಯಾರೂ ಕೊಳ್ಳುವುದಿಲ್ಲ ಎಂದು ಕಂಪನಿಯ ವಾದ. ಕೋರ್ಟು ಕಂಪನಿಯ ಪರ ನಿಂತಿತು. ಒತ್ತಿದ ಕೊಳವೆಯ ಅಂಚು ಹರಿತವಾಗಿ ಅಂಕುಡೊಂಕಾಗಿರುತ್ತದೆ. ಅದನ್ನು ಕತ್ತರಿಸಿ, ಮರೆ ಹಾಕಿ, ಮತ್ತೆ ಎಳೆದು, ಗೀರು ಮೂಡಿಸಿ, ಬಣ್ಣವನ್ನೋ ಲೇಪವನ್ನೋ ಕೊಟ್ಟ ಮೇಲೆಯೇ ಶೆಲ್ಲು ಹಿಡಿಯುವ, ಬಲ್ಬು ಕೂರುವ ಮೈಯಾಗುತ್ತದೆ. ಅಲ್ಲಿಯ ತನಕ ಅದಕ್ಕೆ ಮಾರುಕಟ್ಟೆಯಿಲ್ಲ, ಹಾಗಾಗಿ ಅದು ಸರಕಲ್ಲ ಎಂದಿತು.

ತೆರಿಗೆ ವಕೀಲರು ಈ ತೀರ್ಪನ್ನು ಬೇರೆ ಕಾರಣಕ್ಕೆ ಓದುತ್ತಾರೆ. ಟಾರ್ಚು ಕೊಳ್ಳುವವನಿಗೂ ಅದರಲ್ಲಿ ಪಾಠವಿದೆ. ಒಳ್ಳೆಯ ಟಾರ್ಚಿಗೂ ಕೆಟ್ಟದ್ದಕ್ಕೂ ಲೋಹ ಬಹುಮಟ್ಟಿಗೆ ಒಂದೇ, ವ್ಯತ್ಯಾಸವಿರುವುದು ಕೊಳವೆಯಾದ ಮೇಲಿನ ಕೆಲಸದಲ್ಲಿ. ಮರೆ ಸರಿಯಾಗಿ ಕೂರದಿದ್ದರೆ ಕರೆಂಟಿನ ದಾರಿ ಕಡಿಯುತ್ತದೆ. ಅಂಥ ಟಾರ್ಚನ್ನೇ ನಾವು ತೊಡೆಗೆ ಬಡಿದು ಹೊತ್ತಿಸುತ್ತಿದ್ದದ್ದು. ಬಡಿತ ಬೇಡದ ಟಾರ್ಚಿಗೆ ಹತ್ತು ರೂಪಾಯಿ ಹೆಚ್ಚಿದ್ದರೆ ಅದು ಈ ಕೆಲಸದ ಕೂಲಿ.

ಅದೇ ಹೊತ್ತಿಗೆ ಬೇರೆ ಹೆಸರುಗಳೂ ಬಂದಿದ್ದವು. ಮುಂಬಯಿಯ ಎಸ್ಟ್ರೆಲಾ, ಅಲಹಾಬಾದಿನ ಜೀಪ್. ಜಪಾನಿನ ಮತ್ಸುಶಿತ ಕಂಪನಿ 1920ರ ದಶಕದಲ್ಲಿ ಸೈಕಲ್ ದೀಪ ಮಾಡಿ ಬೆಳೆದದ್ದು. 1927ರಲ್ಲಿ ಚೌಕಾಕಾರದ ಕೈದೀಪಕ್ಕೇ ಮೊದಲು ‘ನ್ಯಾಷನಲ್’ ಎಂಬ ಹೆಸರಿಟ್ಟಿತು. ಅದರ ತಂತ್ರಜ್ಞಾನ ಪಡೆದು ಎಪ್ಪತ್ತರ ದಶಕದಲ್ಲಿ ವಡೋದರದಲ್ಲಿ ಲಖನ್‌ಪಾಲ್ ನ್ಯಾಷನಲ್ಲಿನ ನೊವಿನೋ ಬಂತು, ದಕ್ಷಿಣದಲ್ಲಿ ಇಂಡೋ ನ್ಯಾಷನಲ್ಲಿನ ನಿಪ್ಪೋ ಬಂತು. ನಿಪ್ಪೋ ಕಾರ್ಖಾನೆ ನೆಲ್ಲೂರು ಸೀಮೆಯ ತಡದಲ್ಲಿ. ಗನ್ನವರದ ಮುಂದೆ ಹಾದುಹೋಗುವ ಹದಿನಾರನೇ ನಂಬರಿನ ಹೆದ್ದಾರಿಯಲ್ಲೇ ಚೆನ್ನೈ ಕಡೆ ಹೋದರೆ, ತಮಿಳುನಾಡು ಗಡಿಗೆ ಸ್ವಲ್ಪ ಮೊದಲು ಸಿಗುವ ಊರು. ಕೊಳ್ಳುವವನಿಗೆ ಆಯ್ಕೆ ಸಿಕ್ಕಿತು. ಸಿಕ್ಕಿತು ಎಂದು ಅವನು ಅಂದುಕೊಂಡ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹೆಸರು ಕಳಚಿಕೊಂಡದ್ದು

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡಿನ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಸಾವಿರಾರು ಜನ ಸತ್ತರು, ಲಕ್ಷಾಂತರ ಜನರ ದೇಹ ಕೆಟ್ಟಿತು. ಆ ಕಾರ್ಖಾನೆ ಯಾರದೋ ಅಪರಿಚಿತ ಕಂಪನಿಯದಾಗಿರಲಿಲ್ಲ. ದೇಶದ ಹಳ್ಳಿಹಳ್ಳಿಗೆ ಶೆಲ್ಲು, ಬ್ಯಾಟರಿ ಮಾರುತ್ತಿದ್ದ ಅದೇ ಯೂನಿಯನ್ ಕಾರ್ಬೈಡ್ ಇಂಡಿಯಾದ್ದು; ಅದರ 50.9 ಶೇಕಡಾ ಷೇರು ಅಮೆರಿಕದ ಮಾತೃಸಂಸ್ಥೆಯ ಕೈಲಿತ್ತು. ಕೀಟನಾಶಕ ಅದರ ಒಂದು ಕವಲು, ಅನ್ನ ಹಾಕುತ್ತಿದ್ದದ್ದು ಶೆಲ್ಲು.

ಮುಂದೆ ಏನಾಯಿತು ನೋಡಿ. 1986ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ತನ್ನ ಬ್ಯಾಟರಿ ವ್ಯಾಪಾರವನ್ನು ರಾಲ್‌ಸ್ಟನ್ ಪ್ಯೂರಿನಾ ಎಂಬ ಪಶು ಆಹಾರದ ಕಂಪನಿಗೆ ಮಾರಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಅನುಮತಿಯ ಮೇಲೆ ಭಾರತದ ಷೇರುಗಳು ಕಲ್ಕತ್ತೆಯ ಖೇತಾನ್ ಕುಟುಂಬದ ಚಹಾ ಕಂಪನಿ ಮೆಕ್ಲಿಯೋಡ್ ರಸೆಲ್‌ಗೆ ಹೋದವು. ಆ ಹಣ ಭೋಪಾಲದ ಆಸ್ಪತ್ರೆಗೆ ಮೀಸಲಾಯಿತು. 1995ರಲ್ಲಿ ಕಂಪನಿ ತನ್ನ ಹೆಸರನ್ನು ಎವರೆಡಿ ಇಂಡಸ್ಟ್ರೀಸ್ ಇಂಡಿಯಾ ಎಂದು ಬದಲಾಯಿಸಿಕೊಂಡಿತು. 2022ರಲ್ಲಿ ಅದರ ಹಿಡಿತ ಡಾಬರ್‌ನ ಬರ್ಮನ್ ಕುಟುಂಬಕ್ಕೆ ಬಂತು.

ಅಂದರೆ ಮಾಲೀಕರು ಬದಲಾದರು, ಮಾತೃಸಂಸ್ಥೆಯ ಹೆಸರು ಅಳಿಸಿಹೋಯಿತು, ಶೆಲ್ಲಿನ ಮೇಲಿನ ಹೆಸರು ಹಾಗೇ ಉಳಿಯಿತು. ಇದರಲ್ಲಿ ಇವತ್ತಿನ ಎವರೆಡಿಯವರ ತಪ್ಪೇನೂ ಇಲ್ಲ. ಆದರೆ ‘ಹಳೇ ಹೆಸರು, ನಂಬಬಹುದು’ ಎನ್ನುವಾಗ ನಾವು ಯಾರನ್ನು ನಂಬುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ಮನುಷ್ಯನಿಗೆ ಒಳ್ಳೆಯ ಹೆಸರು ಬಂದರೆ ಅದು ಅವನ ಜೊತೆಗೇ ಇರುತ್ತದೆ, ಕೆಟ್ಟದ್ದೂ ಹಾಗೆಯೇ. ಕಂಪನಿಯ ಹೆಸರು ಹಾಗಲ್ಲ. ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಕಳಚಿಡಬಹುದು, ಬೇಕಾದರೆ ಮಾರಲೂಬಹುದು.

ಆಯ್ಕೆ ಬರೀ ಹೊದಿಕೆಯಲ್ಲಿದ್ದ ವರ್ಷಗಳು

ಈಗ ಆ ಬಾಕಿ ಮಾತು. ನಾಲ್ಕು ಹೆಸರಿದ್ದರೆ ಪೈಪೋಟಿ ಇರುತ್ತದೆ, ಪೈಪೋಟಿ ಇದ್ದರೆ ಬೆಲೆ ನ್ಯಾಯವಾಗಿರುತ್ತದೆ ಎಂಬುದು ನಾವು ಕಲಿತ ಅರ್ಥಶಾಸ್ತ್ರ. 2018ರ ಏಪ್ರಿಲ್ 19ರಂದು ಭಾರತೀಯ ಸ್ಪರ್ಧಾ ಆಯೋಗ ಇದಕ್ಕೆ ಉಲ್ಟಾ ಕತೆ ಹೇಳಿತು. ಎವರೆಡಿ, ಇಂಡೋ ನ್ಯಾಷನಲ್ (ನಿಪ್ಪೋ), ಪ್ಯಾನಾಸೋನಿಕ್ ಎನರ್ಜಿ ಇಂಡಿಯಾ ಮೂರೂ ಸೇರಿ, ತಮ್ಮ ಉತ್ಪಾದಕರ ಸಂಘದ ನೆರವಿನಿಂದ, ವರ್ಷಗಟ್ಟಲೆ ಸತು-ಇಂಗಾಲದ ಶೆಲ್ಲಿನ ಬೆಲೆಯನ್ನು ಮಾತಾಡಿಕೊಂಡು ನಿಗದಿ ಮಾಡಿದ್ದವು ಎಂದು ಆಯೋಗ ತೀರ್ಮಾನಿಸಿತು. ವಿಷಯ ಬಯಲಾದದ್ದು ಪ್ಯಾನಾಸೋನಿಕ್ ತಾನೇ ಹೋಗಿ ಒಪ್ಪಿಕೊಂಡದ್ದರಿಂದ. 2016ರಲ್ಲಿ ಕಚೇರಿಗಳ ಶೋಧ ನಡೆದು ಮಿಂಚಂಚೆಗಳು ಸಿಕ್ಕವು. ಮೊದಲು ಬಾಯಿಬಿಟ್ಟ ಪ್ಯಾನಾಸೋನಿಕ್‌ಗೆ ದಂಡದಲ್ಲಿ ಪೂರ್ತಿ ವಿನಾಯಿತಿ. ಎವರೆಡಿಗೆ 171.55 ಕೋಟಿ ರೂಪಾಯಿ, ಇಂಡೋ ನ್ಯಾಷನಲ್‌ಗೆ 42.26 ಕೋಟಿ ರೂಪಾಯಿ ದಂಡ. ದಂಡಕ್ಕೊಳಗಾದವರು ಮೇಲ್ಮನವಿಗೆ ಹೋದರು.

ಟಾರ್ಚಿನ ಬೆಲೆಯ ಬಗ್ಗೆಯೂ ಆಯೋಗ ಪ್ರತ್ಯೇಕ ತನಿಖೆ ಮಾಡಿಸಿತು. ಅದರ ಆದೇಶ 2018ರ ನವೆಂಬರ್ 6ರಂದು ಬಂತು. ಕಂಪನಿಗಳ ನಡುವೆ ಮಾಹಿತಿ ಓಡಾಡಿದ್ದು ಕಂಡರೂ, ಒಪ್ಪಂದ ಮಾಡಿಕೊಂಡು ಬೆಲೆ ಏರಿಸಿದರು ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದು ಪ್ರಕರಣ ಮುಗಿಸಲಾಯಿತು. ಇದನ್ನು ನ್ಯಾಯವಾಗಿ ಹೇಳಬೇಕು: ಕೂಟ ಕಟ್ಟಿದ್ದು ಸಾಬೀತಾಯಿತು ಎಂದು ಆಯೋಗ ಹೇಳಿದ್ದು ಶೆಲ್ಲಿನ ವಿಷಯದಲ್ಲಿ, ಟಾರ್ಚಿನ ವಿಷಯದಲ್ಲಿ ಅಲ್ಲ.

ನನಗೆ ಹೆಚ್ಚು ಕಣ್ಣಿಗೆ ಬಿದ್ದದ್ದು ಅದೇ ವರ್ಷದ ಮೂರನೆಯ ಪ್ರಕರಣ. ಜೀಪ್ ಹೆಸರಿನ ಶೆಲ್ಲನ್ನು ತಯಾರಿಸಿ ಕೊಡುತ್ತಿದ್ದದ್ದು ಪ್ಯಾನಾಸೋನಿಕ್ಕೇ. ಜೀಪ್‌ನವರ ದರ ಪ್ಯಾನಾಸೋನಿಕ್ ಶೆಲ್ಲಿನ ವ್ಯಾಪಾರಕ್ಕೆ ಹೊಡೆತ ಕೊಡುವಂತಿರಬಾರದು ಎಂಬ ಷರತ್ತು ಇಬ್ಬರ ಕರಾರಿನಲ್ಲಿತ್ತು. ಆಯೋಗ ಅದನ್ನೂ ಕಾನೂನುಬಾಹಿರ ಎಂದಿತು. ಅಂಗಡಿಯ ಮುಂದೆ ನಿಂತು ‘ಇದು ಬೇಡ, ಅದು ಕೊಡಿ’ ಎಂದವನನ್ನು ನೆನೆಸಿಕೊಳ್ಳಿ. ಇದೂ ಅದೂ ಒಂದೇ ಕಾರ್ಖಾನೆಯದು, ಬೆಲೆಯ ಅಂತರವೂ ಮೊದಲೇ ಬರೆದಿಟ್ಟದ್ದು. ಅವನು ಆರಿಸಿದ್ದು ಹೊದಿಕೆಯ ಬಣ್ಣವನ್ನು.

ಒಂದು ಶೆಲ್ಲಿಗೆ ಐವತ್ತು ಪೈಸೆ, ರೂಪಾಯಿ ಹೆಚ್ಚಾದರೆ ನಮ್ಮಂಥ ಸಂಬಳದವರಿಗೆ ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ತಿಂಗಳಿಗೆ ನಾಲ್ಕು ಶೆಲ್ಲು ಕೊಳ್ಳಲೇಬೇಕಾದವರಿಗೆ. ಕರೆಂಟು ಸರಿಯಿಲ್ಲದ ಊರಿನವರಿಗೆ, ಕಾವಲುಗಾರರಿಗೆ, ರಾತ್ರಿ ನೀರು ಕಟ್ಟುವವರಿಗೆ. ಬೆಲೆಯ ಕೂಟದ ಹೊರೆ ಯಾವಾಗಲೂ ಬೆಳಕು ಕಡಿಮೆ ಇದ್ದ ಕಡೆಯೇ ಹೆಚ್ಚು ಬಿದ್ದಿದೆ.

ಎಲ್‌ಇಡಿ ಬಂತು, ಲೆಕ್ಕ ತಿರುಗಿತು

1993ರಲ್ಲಿ ಜಪಾನಿನ ನಿಚಿಯಾ ಕಂಪನಿಯ ಶುಜಿ ನಕಾಮುರಾ ಪ್ರಖರ ನೀಲಿ ಎಲ್‌ಇಡಿ ಹೊರತಂದರು. ನೀಲಿಗೆ ಹಳದಿ ರಂಜಕದ ಲೇಪ ಕೊಟ್ಟರೆ ಬಿಳಿ. 1996ರಲ್ಲಿ ಅದೂ ಬಂತು. ಅಕಾಸಾಕಿ, ಅಮಾನೊ ಜೊತೆ ನಕಾಮುರಾಗೆ 2014ರ ನೊಬೆಲ್. ಹಳೆಯ ಟಾರ್ಚಿನ ಬಲ್ಬು ಒಂದು ವ್ಯಾಟಿನಲ್ಲಿ ಹತ್ತು ಲ್ಯೂಮೆನ್ ಕೊಟ್ಟರೆ ಹೆಚ್ಚು. ಒಳ್ಳೆಯ ಎಲ್‌ಇಡಿ ನೂರಕ್ಕೂ ಹೆಚ್ಚು ಕೊಡುತ್ತದೆ. ಶೆಲ್ಲು ಮಾರುವುದಕ್ಕಾಗಿ ಟಾರ್ಚು ಮಾರಿದ ನೂರು ವರ್ಷದ ವ್ಯಾಪಾರದ ಬುಡ ಇಲ್ಲಿಗೆ ಅಲ್ಲಾಡಿತು. ಶೆಲ್ಲಿನ ಖರ್ಚು ಇಳಿಯಿತು, ಚೀನಾದಿಂದ ಚಾರ್ಜು ಮಾಡುವ ಪ್ಲಾಸ್ಟಿಕ್ ಟಾರ್ಚುಗಳು ಸಂತೆ ತುಂಬಿದವು.

ಅಗ್ಗದ ಟಾರ್ಚು ಬಡವನಿಗೆ ದೊಡ್ಡ ಉಪಕಾರವನ್ನೇ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರಿಲ್ಲದ ಟಾರ್ಚಿನಲ್ಲಿ ಮೂರು ಕಡೆ ದುಡ್ಡು ಉಳಿಸಿರುತ್ತಾರೆ, ಮೂರೂ ಕಣ್ಣಿಗೆ ಕಾಣುವುದಿಲ್ಲ.

ಮೊದಲನೆಯದು ಚಾರ್ಜು. ಹಿಂಭಾಗದಲ್ಲಿ ಎರಡು ಪಿನ್ನು ಹೊರಬಂದು ನೇರ ಗೋಡೆಯ ಪ್ಲಗ್ಗಿಗೆ ಚುಚ್ಚುವ ಟಾರ್ಚುಗಳಿವೆಯಲ್ಲ, ಅವುಗಳ ಅಗ್ಗದ ಮಾದರಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರು, ನಾಲ್ಕು ಡಯೋಡು, ಅಷ್ಟೇ. ಒಳಗಿನ ಸರ್ಕ್ಯೂಟಿಗೂ 230 ವೋಲ್ಟಿಗೂ ನಡುವೆ ಗೋಡೆಯಿಲ್ಲ. ಚಾರ್ಜಾಗುವಾಗ ಒಡೆದ ಮೈಯನ್ನು ಒದ್ದೆ ಕೈಯಲ್ಲಿ ಮುಟ್ಟಿದರೆ ಶಾಕು ಹೊಡೆಯುತ್ತದೆ. ತುಂಬಿದ ಮೇಲೆ ನಿಲ್ಲಿಸುವ ಏರ್ಪಾಟೂ ಇರುವುದಿಲ್ಲ.

ಎರಡನೆಯದು ಒಳಗಿನ ಬ್ಯಾಟರಿ. ಸಣ್ಣ ಸೀಸ-ಆಮ್ಲದ ಬ್ಯಾಟರಿಯಾದರೆ ಕೆಲವು ತಿಂಗಳು ಚಾರ್ಜಿಲ್ಲದೆ ಬಿಟ್ಟರೆ ಸತ್ತೇಹೋಗುತ್ತದೆ. ಮಳೆಗಾಲಕ್ಕೆಂದು ಕಪಾಟಿನಲ್ಲಿಟ್ಟದ್ದು ಮಳೆಗಾಲಕ್ಕೇ ಕೈಕೊಡುವುದು ಇದರಿಂದ. ಲಿಥಿಯಂ ಆದರೆ ಮೇಲೆ ಬರೆದ ಸಂಖ್ಯೆ ನೋಡಿ. 18650 ಅಳತೆಯ ಕೋಶಕ್ಕೆ 9900 ಎಂಎಎಚ್ ಎಂದು ಬರೆದಿದ್ದರೆ ಅದು ಸುಳ್ಳು. ಆ ಅಳತೆಯಲ್ಲಿ ಮೂರೂವರೆ ಸಾವಿರದ ಆಸುಪಾಸು ಬಂದರೆ ಅದೇ ಅತ್ಯುತ್ತಮ.

ಮೂರನೆಯದು ಬೆಳಕಿನ ಲೆಕ್ಕ. ಲಕ್ಷ ಲ್ಯೂಮೆನ್ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಲು ಖರ್ಚೇನೂ ಇಲ್ಲ. ಇದಕ್ಕೆ ಪರಿಹಾರವೆಂದೇ ಅಮೆರಿಕದ ತಯಾರಕರು 2009ರಲ್ಲಿ ಎಫ್ಎಲ್-1 ಎಂಬ ಮಾನದಂಡ ಒಪ್ಪಿಕೊಂಡರು. ಬೆಳಕನ್ನು ಹೊತ್ತಿಸಿದ ಅರ್ಧ ನಿಮಿಷದ ಮೇಲೆ ಅಳೆಯಬೇಕು. ಎಷ್ಟು ಹೊತ್ತು ಉರಿಯುತ್ತದೆ ಎಂದರೆ, ಬೆಳಕು ಮೊದಲಿನ ಹತ್ತನೇ ಒಂದು ಪಾಲಿಗೆ ಇಳಿಯುವ ತನಕ. ಎಷ್ಟು ದೂರ ಎಂದರೆ, ಹೆಚ್ಚುಕಡಿಮೆ ಹುಣ್ಣಿಮೆ ಬೆಳಕಿನಷ್ಟು, ಕಾಲು ಲಕ್ಸ್ ಬೀಳುವ ತನಕ. ಡಬ್ಬಿಯ ಮೇಲೆ ಈ ಗುರುತು ಹಾಕಿದವನು ಅಷ್ಟರಮಟ್ಟಿಗೆ ಬಾಯಿ ಕಟ್ಟಿಕೊಂಡಿದ್ದಾನೆ ಎಂದರ್ಥ. ಇವತ್ತು ಬ್ರ್ಯಾಂಡಿಗೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಮುಖ್ಯವಾಗಿ ಸಿಗುವುದು ಇದು: ಅಳೆಯಬಹುದಾದ ಮಾತು, ಅದು ಸುಳ್ಳಾದರೆ ಕೇಳಲು ಒಂದು ವಿಳಾಸ.

ಮೊಬೈಲಿನಲ್ಲೇ ಟಾರ್ಚಿದೆಯಲ್ಲ ಎನ್ನುವವರಿಗೆ ಒಂದು ಮಾತು. ಅದು ಬೀಗದ ಕಿಂಡಿ ಹುಡುಕಲು ಸಾಕು. ಪ್ರತಿಫಲಕವಿಲ್ಲದ ಬೆಳಕು ನಾಲ್ಕು ಹೆಜ್ಜೆಗೆ ಚದುರಿಹೋಗುತ್ತದೆ. ಬುಡಮೇರಿನ ವಾರದಲ್ಲಿ ಫೋನಿನ ಚಾರ್ಜು ದೋಣಿ ಕರೆಯಲು ಬೇಕಿತ್ತು, ಮೆಟ್ಟಿಲು ನೋಡಲು ಖರ್ಚು ಮಾಡುವಂತಿರಲಿಲ್ಲ.

ಯಾರಿಗೆ ಬೇಕು, ಯಾರು ಕೊಳ್ಳುತ್ತಾರೆ

ಇಲ್ಲಿಯ ತನಕ ದುಡ್ಡಿನ ಮಾತಾಯಿತು. ಇನ್ನೊಂದು ಲೆಕ್ಕವಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಹೆಚ್ಚು ಸಾವಿನ ರಾಜ್ಯಗಳ ಪಟ್ಟಿಯಲ್ಲಿ ಆಂಧ್ರವೂ ಇದೆ. ಗನ್ನವರದಿಂದ ಸಮುದ್ರದ ಕಡೆ ಇಳಿದರೆ ಸಿಗುವ ಕೃಷ್ಣಾ ಮುಖಜ ಭೂಮಿಯ ದಿವಿಸೀಮೆಯಲ್ಲಿ 2018ರ ಮಳೆಗಾಲದಲ್ಲಿ ಎಷ್ಟೊಂದು ಜನರಿಗೆ ಹಾವು ಕಚ್ಚಿತೆಂದರೆ, ಮೋಪಿದೇವಿಯ ಸುಬ್ರಹ್ಮಣ್ಯ ದೇವಸ್ಥಾನದಲ್ಲಿ ಸರ್ಪಶಾಂತಿಯನ್ನೇ ಮಾಡಿಸಿದರು. ಕುಕ್ಕೆ ಬಲ್ಲ ನಮಗೆ ಆ ದಿಗಿಲು ಅರ್ಥವಾಗುತ್ತದೆ. ಇವರು ರಕ್ತಪಿಂಜರ ಎನ್ನುವುದು ನಮ್ಮ ಕೊಳಕುಮಂಡಲ. ಅದು ರಾತ್ರಿ ಓಡಾಡುವ ಹಾವು, ಭತ್ತದ ಗದ್ದೆಯ ಇಲಿ ಅರಸಿ ಬರುವುದು. ಕಟ್ಟುಹಾವೂ ರಾತ್ರಿಯದೇ.

ರಾತ್ರಿ ರೈತನಿಗೆ ಗದ್ದೆಯಲ್ಲಿ ಏನು ಕೆಲಸ? ಆಂಧ್ರದಲ್ಲಿ 2004ರಿಂದ, ನಮ್ಮಲ್ಲಿ 2008ರಿಂದ 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಪುಕ್ಕಟೆ ಕರೆಂಟು ಅದಕ್ಕೆ ಬಿಡುವಾದಾಗ ಬರುತ್ತದೆ. ನಮ್ಮ ಕಡೆ ತ್ರೀ ಫೇಸ್ ರಾತ್ರಿ ಹನ್ನೆರಡಕ್ಕೋ ಎರಡಕ್ಕೋ ಕೊಟ್ಟ ವರ್ಷಗಳೇ ಹೆಚ್ಚು. ಬದುವಿನ ಮೇಲೆ ನಡೆದುಹೋಗಿ ಸ್ಟಾರ್ಟರು ಒತ್ತಬೇಕು, ವಾಲ್ವು ತಿರುಗಿಸಬೇಕು. ಆಂಧ್ರ ಈಚಿನ ವರ್ಷಗಳಲ್ಲಿ ಹಗಲಿನಲ್ಲೇ ಒಂಬತ್ತು ಗಂಟೆ ಕೊಡಲು ಹೊರಟದ್ದರ ಹಿಂದೆ ಈ ಕಾರಣವೂ ಇದೆ. ಹಗಲು ಕರೆಂಟು ಸಿಕ್ಕ ರೈತನಿಗೆ ಅದಕ್ಕಿಂತ ಒಳ್ಳೆಯ ಟಾರ್ಚು ಬೇಕಿಲ್ಲ. ಸಿಗದವನಿಗೆ ಮೂರು ಹೆಜ್ಜೆ ಮುಂದೆ ಬಿದ್ದ ಹಗ್ಗವೋ ಹಾವೋ ತಿಳಿಯುವಷ್ಟು ಬೆಳಕು ಬೇಕು, ಒತ್ತಿದಾಗ ಬರಬೇಕು.

ವಿಪರ್ಯಾಸ ಇಲ್ಲಿದೆ. ನಮ್ಮ ಐಟಿ ಪಾರ್ಕಿನಲ್ಲಿ ಆರು ಸಾವಿರದ ಟಾರ್ಚು ಇಟ್ಟುಕೊಂಡವರಿದ್ದಾರೆ. ಅದು ವರ್ಷಕ್ಕೆರಡು ಸಲ ಚಾರಣಕ್ಕೆ ಹೋಗುತ್ತದೆ. ಪ್ರತಿ ರಾತ್ರಿ ಬೆಳಕು ಬೇಕಾದವನು ಸಂತೆಯಲ್ಲಿ ನೂರೈವತ್ತರದ್ದು ಕೊಂಡು, ಎಂಟು ತಿಂಗಳಿಗೊಮ್ಮೆ ಎಸೆದು ಇನ್ನೊಂದು ಕೊಳ್ಳುತ್ತಾನೆ. ಅವನಿಗೆ ಒಟ್ಟಿಗೆ ಐನೂರು ಹೊಂದಿಸುವುದು ಕಷ್ಟ, ಹಾಗಾಗಿ ನಾಲ್ಕು ವರ್ಷದಲ್ಲಿ ಒಂಬೈನೂರು ಕೊಡುತ್ತಾನೆ. ನಡುವೆ ಕೈಕೊಟ್ಟ ರಾತ್ರಿಗಳ ಲೆಕ್ಕ ಅದರಲ್ಲಿ ಸೇರಿಲ್ಲ.

ಹಾಗಾದರೆ ಉತ್ತರ

ಬ್ರ್ಯಾಂಡಿನ ಟಾರ್ಚಿಗೆ ಹೆಚ್ಚು ಕೊಡಬೇಕೆ? ಇಂಥ ಕಡೆ ಕೊಡಿ: ಚಾರ್ಜರ್ ಬೇರೆಯಾಗಿದ್ದು ಮೊಬೈಲಿನ ಚಾರ್ಜರಿನಲ್ಲೇ ತುಂಬುವಂತಿದ್ದರೆ, ಬ್ಯಾಟರಿ ಬಿಚ್ಚಿ ಬದಲಿಸಲು ಬರುವಂತಿದ್ದರೆ, ಬೆಳಕಿನ ಲೆಕ್ಕ ಮಾನದಂಡದ ಪ್ರಕಾರ ಬರೆದಿದ್ದರೆ, ಬಿಲ್ಲು ತೋರಿಸಿದರೆ ನಿಮ್ಮ ಊರಿನಲ್ಲೇ ಬದಲಿಸಿ ಕೊಡುವವರಿದ್ದರೆ. ಇವಿಷ್ಟೂ ಇರುವ ಟಾರ್ಚು ಐನೂರರಿಂದ ಸಾವಿರದೊಳಗೆ ಸಿಗುತ್ತದೆ. ಅದರಾಚೆ ಕೊಡುವ ಪ್ರತಿ ಸಾವಿರಕ್ಕೂ ಬೆಳಕು ಕಡಿಮೆ, ಹವ್ಯಾಸ ಹೆಚ್ಚು. ಹವ್ಯಾಸವೂ ತಪ್ಪಲ್ಲ, ಅದನ್ನು ಅಗತ್ಯ ಅಂದುಕೊಳ್ಳದಿದ್ದರೆ ಸಾಕು. ಹೆಸರು ಹಳೆಯದು ಎಂಬ ಒಂದೇ ಕಾರಣಕ್ಕೆ ಹೆಚ್ಚು ಕೊಡಬೇಡಿ. ಹೆಸರು ಕೈಬದಲಾಗುವುದನ್ನೂ, ಬೇರೆ ಬೇರೆ ಹೆಸರುಗಳು ಒಂದೇ ಕಾರ್ಖಾನೆಯಿಂದ ಬರುವುದನ್ನೂ ನೋಡಿದೆವಲ್ಲ.

ವರ್ಷಕ್ಕೊಮ್ಮೆ ಬಳಸಿ ಕಪಾಟಿನಲ್ಲಿಡುವ ಟಾರ್ಚಾದರೆ ಶೆಲ್ಲು ಹಾಕುವಂಥದ್ದೇ ವಾಸಿ. ಶೆಲ್ಲನ್ನು ಹೊರಗೆ ತೆಗೆದು, ತಾರೀಕು ನೋಡಿ, ಪಕ್ಕದಲ್ಲಿಡಿ. ಸತುವಿನ ಡಬ್ಬಿ ಇವತ್ತಿಗೂ ತನ್ನನ್ನೇ ತಿನ್ನುತ್ತದೆ.

ಈ ಸಲ ಹಬ್ಬಕ್ಕೆ ಊರಿಗೆ ಹೋಗುವವರು ಸೀರೆ, ಪಂಚೆ, ವಿಜಯವಾಡದ ಪೂತರೇಕುಲು ಕಟ್ಟಿಕೊಳ್ಳುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಮನೆಯಲ್ಲಿ ರಾತ್ರಿ ಮೋಟಾರು ಹಾಕಲು ಹೋಗುವವರು ಯಾರು, ಅವರ ಕೈಯಲ್ಲಿ ಯಾವ ಬ್ಯಾಟರಿ ಇದೆ? ಹೆಚ್ಚಿನ ದುಡ್ಡು ಕೊಡಬೇಕಾದ ಟಾರ್ಚು ಅದು.